ನಲವತ್ತೊಂದು ಹಸಿರು ಚುಕ್ಕೆ

ಜನವರಿ 14, ಮಂಗಳವಾರ

ರಾಜ್ಯದ ಜನರ ಊಟ ಮತ್ತು ಓಡಾಟ ಸುಧಾರಿಸಲು ಮುಂದಿನ ಐದು ವರ್ಷ ಮಾಡಬೇಕಾದ ಮೊದಲ ಕೆಲಸ ಯಾವುದೆಂದು ಇಂದು ಮಧ್ಯಾಹ್ನ 3.40ಕ್ಕೆ ತೀರ್ಮಾನವಾಯಿತು. ಕೆಲಸದ ಹೆಸರು ‘ನೀರನ್ನೇ ಆರಿಸಿಕೊಳ್ಳಿ’. ಪ್ರಕಟಿಸಿದವರು ಸಲಹೆಗಾರ್ತಿ ಮ್ಯಾಲರಿ ಕ್ವಿನ್ಲನ್. ಇದಕ್ಕಾಗಿಯೇ ಬಾಸ್ಟನ್‌ನಿಂದ ವಿಮಾನದಲ್ಲಿ ಬಂದವರು. ಪ್ರಕಟಿಸಿದ ಮೇಲೆ ಎಲ್ಲರೂ ಎದ್ದು ನಿಂತು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳಬೇಕೆಂದರು. ಸಭಾಂಗಣದಲ್ಲಿ ಉಳಿದಿದ್ದ ಐವತ್ತೇಳು ಜನ ತಟ್ಟಿಕೊಂಡರು. ನಾನು ನಡಾವಳಿ ಬರೆಯುತ್ತಿದ್ದೆ. ಕೈ ಖಾಲಿ ಇರಲಿಲ್ಲ ಎಂಬ ನೆಪ ಸಿಕ್ಕಿತು.

ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿದ್ದೆ. ಪತ್ರಿಕೆ ಮುಚ್ಚಿತು. ಈಗ ನಮ್ಮ ಪೌಷ್ಟಿಕತೆ ಮತ್ತು ಚಟುವಟಿಕೆ ಒಕ್ಕೂಟದಲ್ಲಿ ಯಾರು ಏನು ಹೇಳಿದರು ಎಂದು ಬರೆದಿಡುವುದು ನನ್ನ ಉದ್ಯೋಗ. ಹೇಳಿದ್ದನ್ನು ಬರೆಯುತ್ತೇನೆ. ಅದರಾಚೆಯದು ನನಗೆ ಬೇಡ.

ಇವತ್ತಿನ ವಿಧಾನ ಹೀಗಿತ್ತು. ರಾಜ್ಯದ ದೊಡ್ಡ ತೊಂದರೆ ಯಾವುದೆಂದು ಪ್ರತಿಯೊಬ್ಬರೂ ಹಳದಿ ಅಂಟುಚೀಟಿಯಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಆಮೇಲೆ ಒಬ್ಬೊಬ್ಬರಿಗೂ ಐದು ಹಸಿರು ಚುಕ್ಕೆ. ಒಪ್ಪಿಗೆಯಾದ ಚೀಟಿಯ ಸುತ್ತ ಅವನ್ನು ಅಂಟಿಸಬೇಕು. ಹೆಚ್ಚು ಚುಕ್ಕೆ ಬಿದ್ದ ಚೀಟಿ ಯೋಜನೆಗೆ ಹೋಗುತ್ತದೆ. ಅರವತ್ತಮೂರು ವಯಸ್ಕರು, ಅವರಲ್ಲಿ ಒಂಬತ್ತು ಜನ ವೈದ್ಯರು, ನಾಲಿಗೆ ಕಚ್ಚಿಕೊಂಡು ಚುಕ್ಕೆ ಅಂಟಿಸುವುದನ್ನು ನೋಡಿದೆ. ನಡುವೆ ಎರಡು ಸಲ ಚಟುವಟಿಕೆಯ ವಿರಾಮ. ಕುರ್ಚಿಯಲ್ಲಿ ಕೂತೇ ಕುಣಿಯಬೇಕಿತ್ತು.

ಊಟಕ್ಕೆ ಪೆಟ್ಟಿಗೆಯಲ್ಲಿ ತಣ್ಣಗಿನ ಸ್ಯಾಂಡ್‌ವಿಚ್. ನನ್ನ ಪಕ್ಕ ಕೂತಿದ್ದವಳು ಬೆಟ್ಟದ ಜಿಲ್ಲೆ ಕ್ರೇಡಕ್ ಕೌಂಟಿಯ ಶಾಲೆಯ ಅಡುಗೆಯವಳು, ವರ್ಲೀನ್ ಸ್ಟಿಡಮ್. ಅರವತ್ತು ದಾಟಿದ ಹೆಂಗಸು. ಕೌಂಟಿಯ ಪ್ರತಿನಿಧಿ ಎಂದು ಎದೆಗೆ ಚೀಟಿ. ಕುರ್ಚಿಯ ಕೆಳಗೆ ಎರಡು ಲೀಟರಿನ ಕೋಲಾ ಬಾಟಲಿ. ಕೋಲಾ ಬಿಡಿಸುವ ಸಭೆಗೆ ಕೋಲಾ ತಂದವಳು. ಆ ಬೆಟ್ಟದ ಕಡೆಯವರಿಗೆ ಏನು ಹೇಳಿದರೂ ಅಷ್ಟೆ.

“ಇದೇನಿದು, ಸೊಪ್ಪು ಒಣಗಿಸಿ ಕೊಟ್ಟಿದಾರೆ?” ಅಂದಳು.

“ಕೇಲ್ ಚಿಪ್ಸ್.”

“ನಮ್ಮನೆ ಹಸುಗೆ ಹಾಕಿದ್ರೆ ನನ್ನ ಮುಖ ನೋಡುತ್ತೆ, ಏನ್ ತಪ್ಪು ಮಾಡಿದೆ ಅಂತ.”

ನಾನು ನಗಲಿಲ್ಲ. ಗೋಡೆಗೆ ಅವಳು ಹಚ್ಚಿದ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಇದ್ದದ್ದು: ‘ನಲ್ಲಿ ನೀರು ಕುಡಿಯೋ ಹಾಗಿಲ್ಲ. ಸರಿ ಮಾಡಿ.’ ತನ್ನ ಐದೂ ಚುಕ್ಕೆಯನ್ನು ಅದಕ್ಕೇ ಹಚ್ಚಿಕೊಂಡಳು. ಮರುದಿನದ ತಿಂಡಿಗೆ ಶಾಲೆಯಲ್ಲಿರಬೇಕು, ನಾಲ್ಕು ಗಂಟೆಯ ದಾರಿ ಎಂದು 2.30ಕ್ಕೆ ಹೊರಟಳು. ಹೋಗುವಾಗ ಬಾಗಿಲ ಬಳಿ ಐಸಿನಲ್ಲಿಟ್ಟಿದ್ದ ನೀರಿನ ಬಾಟಲಿಗಳಲ್ಲಿ ಹನ್ನೆರಡನ್ನು ಚೀಲಕ್ಕೆ ಇಳಿಸಿಕೊಂಡಳು. ಎಣಿಸಿದೆ. ನಾಚಿಕೆಯೂ ಇಲ್ಲ.

2.50ಕ್ಕೆ, ವಿರಾಮದಲ್ಲಿ, ರೂಢಿಯಂತೆ ಗೋಡೆಯ ಫೋಟೋ ತೆಗೆದುಕೊಂಡೆ. ಅವಳ ಚೀಟಿಗೆ ನಲವತ್ತೊಂದು ಚುಕ್ಕೆ. ಇಡೀ ಗೋಡೆಯಲ್ಲಿ ಅದೇ ಹೆಚ್ಚು. ವಿರಾಮದ ನಂತರ ಮ್ಯಾಲರಿ, “ಒಂದೇ ಥರದ ಚೀಟಿಗಳನ್ನ ಒಟ್ಟಿಗೆ ಕೂರಿಸೋಣ” ಎಂದು ಅದನ್ನು ಕಿತ್ತು, ‘ಮಕ್ಕಳು ಕೋಲಾ ಕುಡಿಯುವುದು ತಗ್ಗಬೇಕು’ ಎಂಬ ಚೀಟಿಯ ಕೆಳಗೆ ಅಂಟಿಸಿದರು. ಅದಕ್ಕೆ ಹದಿನೇಳು ಬಿದ್ದಿತ್ತು.

“ಎರಡೂ ನೀರಿನ ವಿಷಯಾನೇ ಅಲ್ವಾ?” ಎಂದರು.

ಯಾರೂ ಅಲ್ಲ ಎನ್ನಲಿಲ್ಲ. ಒಟ್ಟು ಐವತ್ತೆಂಟು. ಹಾಗೇ ಬರೆದುಕೊಂಡೆ.

ಜನವರಿ 16, ಗುರುವಾರ

ನಡಾವಳಿ ಟೈಪು ಮಾಡಿ ಸಹಿ ಹಾಕಿ ಕಳಿಸಿದೆ. ಹನ್ನೊಂದು ಪುಟ. ಮೊದಲ ಆದ್ಯತೆಗೆ 58 ಚುಕ್ಕೆ. 41 ಮತ್ತು 17 ಎಂದು ಬಿಡಿಸಿ ಬರೆಯಬೇಕೇ ಎಂದು ಒಂದು ನಿಮಿಷ ಯೋಚಿಸಿದೆ. ಸಭೆಯಲ್ಲಿ ಪ್ರಕಟಿಸಿದ್ದು 58. ಪ್ರಕಟಿಸಿದ್ದನ್ನು ಬರೆಯುವುದು ನನ್ನ ಕೆಲಸ.

ಫೆಬ್ರವರಿ 5, ಬುಧವಾರ

ಯೋಜನೆಯ ವಾಕ್ಯ ತಿದ್ದುವ ಸಭೆ. ಮೂರು ಗಂಟೆ ಹತ್ತು ನಿಮಿಷ. ‘ಪ್ರೋತ್ಸಾಹಿಸುವುದು’ ಎನ್ನಬೇಕೇ ‘ಉತ್ತೇಜಿಸುವುದು’ ಎನ್ನಬೇಕೇ ಎಂಬುದಕ್ಕೆ ನಲವತ್ತು ನಿಮಿಷ. ಕೊನೆಗೆ ‘ಬೆಂಬಲಿಸುವುದು’ ಆಯಿತು, ಯಾಕೆಂದರೆ ಬೆಂಬಲಿಸಿದೆವೋ ಇಲ್ಲವೋ ಎಂದು ಯಾರೂ ಅಳೆಯಲಾರರು. ಹೀಗೆಂದು ಒಬ್ಬರು ಬಾಯಿಬಿಟ್ಟೇ ಹೇಳಿದರು. ಉಳಿದವರು ನಕ್ಕರು. ಬರೆದುಕೊಳ್ಳಬೇಡಿ ಎಂದರು.

ಪೋಸ್ಟರಿನ ಚಿತ್ರವೂ ಒಪ್ಪಿಗೆಯಾಯಿತು. ನಗುವ ನೀರ ಹನಿ. ಇದರಲ್ಲಿ ಚಟುವಟಿಕೆ ಎಲ್ಲಿದೆ ಎಂದು ಒಬ್ಬರು ಕೇಳಿದರು. ಹನಿಗೆ ಓಡುವ ಬೂಟು ಹಾಕಿಸಲು ತೀರ್ಮಾನವಾಯಿತು. ಬೂಟಿನ ಬಣ್ಣ ಮುಂದಿನ ಸಭೆಗೆ.

ಮನೆಗೆ ಬಂದು ಬಹಳ ಹೊತ್ತು ಕೈ ತೊಳೆದೆ.

ಫೆಬ್ರವರಿ 20, ಗುರುವಾರ

ಕ್ರೇಡಕ್ ಕೌಂಟಿಯ ಅಡುಗೆಯವಳ ಫೋನು. ಆ ದಿನ ಪಕ್ಕದಲ್ಲಿ ಕೂತಿದ್ದೆ ಎಂಬುದೊಂದೇ ಪರಿಚಯ. ನಂಬರು ಕಚೇರಿಯಿಂದ ಪಡೆದಳಂತೆ.

ಶಾಲೆಗಳಿಗೆ ನೀರು ಶುದ್ಧ ಮಾಡುವ ಯಂತ್ರಕ್ಕೆ ರಾಜ್ಯದ ನಿಧಿ ಬಂದಿದೆ. ಅರ್ಜಿಗೆ ಏಪ್ರಿಲ್ 30 ಕಡೆಯ ದಿನ. ಅರ್ಜಿಯ ಎಲ್ಲ ಕಾಲಮ್ಮೂ ತುಂಬಿದ್ದಾಳೆ, ಏಳನೆಯದು ಬಿಟ್ಟು. ‘ನಿಮ್ಮ ಕೋರಿಕೆ ರಾಜ್ಯ ಯೋಜನೆಯ ಯಾವ ಗುರಿಗೆ ಸೇರುತ್ತದೆ? ಗುರಿಯ ಸಂಖ್ಯೆ ಬರೆಯಿರಿ.’ ಅಲ್ಲಿ ಸಂಖ್ಯೆ ಇಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

“ನನ್ನ ಚೀಟಿಗೆ ಚುಕ್ಕೆ ಎಷ್ಟು ಬಿತ್ತಪ್ಪಾ?” ಅಂದಳು.

“ಮೊದಲ ಆದ್ಯತೆ ಆಯ್ತು.”

“ಹೌದಾ? ಹಂಗಾದ್ರೆ ನಂಬರ್ ಹೇಳು, ಬರ್ಕೋತೀನಿ.”

1.1 ಎಂದೆ. ‘ಮಕ್ಕಳು ಕೋಲಾ ಬದಲು ನೀರನ್ನು ಆರಿಸಿಕೊಳ್ಳುವುದನ್ನು ಬೆಂಬಲಿಸುವುದು’ ಎಂದು ಪೂರ್ತಿ ಓದಿ ಹೇಳಿದೆ.  ಆ ಕಡೆ ಪಾತ್ರೆಯ ಸದ್ದು ಕೇಳುತ್ತಿತ್ತು.

“ಅದು ಪೋಸ್ಟರ್ ಅಲ್ವೇನಪ್ಪಾ. ನಲ್ಲಿ ಸರಿ ಮಾಡೋದಕ್ಕೆ ಯಾವ ನಂಬರು?”

“ಅದಕ್ಕೆ ಇಲ್ಲ.”

“ನಲವತ್ತು ಪುಟದ ಯೋಜನೇಲಿ ಎಲ್ಲೂ ಇಲ್ವಾ?”

“ಎಪ್ಪತ್ತೆರಡು ಪುಟ. ಇಲ್ಲ.”

“ಒಳ್ಳೇದು,” ಎಂದು ಇಟ್ಟಳು. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ 11, ಮಂಗಳವಾರ

ಪೋಸ್ಟರ್ ಬಿಡುಗಡೆಗೆ ಫೋಟೋ ಬೇಕೆಂದು ನಿರ್ದೇಶಕಿ ಡಾ. ಹ್ಯಾಚರ್ ನನ್ನನ್ನು ಬೆಟ್ಟದ ಕೌಂಟಿಗೆ ಕಳಿಸಿದರು. ಶಾಲೆಯ ನಲ್ಲಿಯಲ್ಲಿ ಮಗುವೊಂದು ನೀರು ಕುಡಿಯುತ್ತಿರಬೇಕು, ಮೇಲೆ ಪೋಸ್ಟರ್ ಇರಬೇಕು, ಮಗು ನಗಬೇಕು. ಕುಡಿಯುವುದು, ನಗುವುದು ಎರಡೂ ಒಟ್ಟಿಗೆ ಹೇಗೆ ಎಂದು ಕೇಳಲಿಲ್ಲ. ಶಾಲೆಗಳ ಪಟ್ಟಿಯಲ್ಲಿ ಕ್ರೇಡಕ್ ಇತ್ತು. ಅಲ್ಲಿಗೇ ಹೋದೆ.

ಪೋಸ್ಟರ್ ಇತ್ತು. ಹನಿಯ ಬೂಟು ಕಿತ್ತಳೆ ಬಣ್ಣ. ಅದರ ಕೆಳಗಿನ ನಲ್ಲಿಗೆ ಕಸದ ಕಪ್ಪು ಚೀಲ ತೊಡಿಸಿ ಮೂರು ಸುತ್ತು ಟೇಪು ಬಿಗಿದಿದ್ದರು. ಮೊದಲ ಸಲ ಚೀಲ ಕಟ್ಟಿದಾಗ ಈಗಿನ ಆರನೇ ತರಗತಿಯವರು ಒಂದನೇ ತರಗತಿಯಲ್ಲಿದ್ದರಂತೆ. ಚೀಲ ಹರಿದಾಗ ಹೊಸದು ಕಟ್ಟುತ್ತಾರೆ. ಚೀಲಕ್ಕೊಂದು ಲೆಕ್ಕದ ಪುಸ್ತಕ ಇಟ್ಟಿಲ್ಲ ಎಂಬುದಷ್ಟೇ ಬಾಕಿ.

ವರ್ಲೀನ್ ಅಡುಗೆಮನೆಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿದಳು. ಮೊದಲು ಗಾಳಿ, ಆಮೇಲೆ ಚಹಾ ಬಣ್ಣ, ಆಮೇಲೆ ತಿಳಿ. ತಿಳಿಯಾದ ಮೇಲೂ ಕೊಳೆತ ಮೊಟ್ಟೆಯ ವಾಸನೆ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡೆ. ಕಬ್ಬಿಣ ಮತ್ತು ಇನ್ನೇನೋ. ಬಾಯಿ ತೊಳೆಯಲು ನೀರು ಕೇಳಿದೆ. ಕೇಳಿದ ಮೇಲೆ ಅದು ಎಂಥ ಪ್ರಶ್ನೆ ಎಂದು ಹೊಳೆಯಿತು. ಅವಳು ಕೋಲಾ ಕೊಟ್ಟಳು.

“ನುಂಗು. ಇಲ್ಲಿ ಮುಚ್ಚಳ ತೆಗೆದ್ರೆ ಚೊಕ್ಕವಾಗಿರೋದು ಅದೊಂದೇ. ಪುಟ್ಟ ಪುಟ್ಟ ಮಕ್ಕಳ ಬಾಟ್ಲಿಗೂ ಅದನ್ನೇ ಹಾಕ್ತಾರೆ. ಹಲ್ಲೆಲ್ಲ ಕಪ್ಪು. ಪೋಸ್ಟರ್ ನೋಡಿ ಅವು ನನ್ನ ಕೇಳ್ತವೆ, ಅಜ್ಜೀ, ಆ ಹನಿ ಎಲ್ಲಿಗೆ ಓಡ್ತಿದೆ ಅಂತ.”

“ನೀವೇನಂತೀರಿ?”

“ಇಲ್ಲಿಂದ ಓಡಿಹೋಗ್ತಿದೆ ಅಂತೀನಿ. ಬುದ್ಧಿ ಇರೋ ಹನಿ.”

ಗೋಡೆಯ ಪಕ್ಕ ಹನ್ನೆರಡು ನೀರಿನ ಕ್ಯಾನು. ಬೆಳಿಗ್ಗೆ ಐದಕ್ಕೆ ಬೆಟ್ಟದ ತಿರುವಿನಲ್ಲಿರುವ ಒರತೆಯ ಕೊಳವೆಯಿಂದ ಅವಳೂ ಇನ್ನೊಬ್ಬ ಅಡುಗೆಯವಳು ಗ್ಲೆನ್ನಾಳೂ ತುಂಬಿ ತರುತ್ತಾರೆ. ಕೌಂಟಿಯ ಆರೋಗ್ಯದವರು ತಿಂಗಳಿಗೊಮ್ಮೆ ಒರತೆ ಪರೀಕ್ಷಿಸಿ ಚೀಟಿ ಕೊಡುತ್ತಾರೆ. ಆದರೂ ಕುದಿಸಿಯೇ ಬಳಸುತ್ತಾಳೆ. ಇನ್ನೂರ ಹನ್ನೆರಡು ಮಕ್ಕಳ ಅಡುಗೆ. ಜನವರಿಯ ಆ ಹನ್ನೆರಡು ಬಾಟಲಿ, ಹೊಟ್ಟೆನೋವಿನ ಔಷಧಿ ನುಂಗಬೇಕಾದ ಮಕ್ಕಳಿಗೆ ಎಂದು ಬೀರುವಿನಲ್ಲಿಟ್ಟಿದ್ದಳು. ಮೂರು ಉಳಿದಿದ್ದವು.

“ಮೊದ್ಲು ಇಲ್ಲೊಂದು ಕೋಲಾ ಯಂತ್ರ ಇತ್ತು,” ಅಂದಳು. “ಮಕ್ಕಳು ಕೆಡ್ತಾರೆ ಅಂತ ರಾಜಧಾನಿಯಿಂದ ಬಂದು ಎತ್ಕೊಂಡು ಹೋದ್ರು. ಒಪ್ಪೋಣ. ಅದರ ಕೆಳಗಿನ ಸಾಲಲ್ಲಿ ನೀರಿನ ಬಾಟ್ಲೂ ಇತ್ತು ಕಣಪ್ಪಾ.”

ಆ ಯಂತ್ರಗಳನ್ನು ಎತ್ತಿಸಿದವರು ಡಾ. ಹ್ಯಾಚರ್. ಪತ್ರಿಕೆಯ ಮುಖಪುಟದಲ್ಲಿ ಹೊಗಳಿ ವರದಿ ಬರೆದವನು ನಾನು. ಹೇಳಲಿಲ್ಲ.

ಪೋಸ್ಟರ್ ಮತ್ತು ಚೀಲ ಎರಡೂ ಬರುವಂತೆ ಫೋಟೋ ತೆಗೆದು ಶಾಲೆಯ ಅಂಗಳದಿಂದಲೇ ಕಳಿಸಿದೆ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು. ‘ಚೆನ್ನಾಗಿದೆ. ಚೀಲ ಕಾಣದ ಹಾಗೆ ಕತ್ತರಿಸಿ.’

ಕತ್ತರಿಸಿ ಕಳಿಸಿದೆ.

ಮಾರ್ಚ್ 12, ಬುಧವಾರ

 ಫೋಟೋ ಒಕ್ಕೂಟದ ಜಾಲತಾಣದ ಮುಖಪುಟಕ್ಕೆ ಏರಿದೆ. ನೂರಾ ಹತ್ತು ಜನ ಮೆಚ್ಚಿದ್ದಾರೆ.

ಮಾರ್ಚ್ 29, ಶನಿವಾರ

ಆ ಕಡೆ ಬೇರೆ ಕೆಲಸವಿತ್ತು, ಹಾಗಾಗಿ ಕ್ರೇಡಕ್‌ಗೂ ಹೋಗಿ ಬಂದೆ. ಹೋಗುವಾಗ ಅಂಗಡಿಯಿಂದ ದೊಡ್ಡ ಬಾಟಲಿಯ ನೀರು ಕಾರಿನ ಡಿಕ್ಕಿ ತುಂಬ ಒಯ್ದೆ, ರಿಯಾಯಿತಿಯಲ್ಲಿತ್ತು.

ವರ್ಲೀನ್ ಮನೆಗೇ ಕರೆದಳು. ಕಾಳು ಬೇಯಿಸಿದ್ದು, ಮೆಕ್ಕೆಜೋಳದ ಬ್ರೆಡ್ಡು, ಹೆಚ್ಚಿದ ಈರುಳ್ಳಿ. ಕಾಳು ಎರಡು ಬಟ್ಟಲು ಮಾಡಿದ್ದಳು. ಒಂದು ನಸುಗೆಂಪಾಗಿ ಹೊಳೆಯುತ್ತಿತ್ತು. ಇನ್ನೊಂದು ಬೂದು.

“ಇದು ಒರತೆ ನೀರಲ್ಲಿ ಬೆಂದಿದ್ದು, ಅದು ನಲ್ಲಿ ನೀರಲ್ಲಿ. ಒಂದೇ ಚೀಲದ ಕಾಳು, ಒಂದೇ ಒಲೆ. ನಿಮ್ಮ ಆ ಬಾಸ್ಟನ್ ಹುಡುಗಿಗೆ ತೋರಿಸ್ಬೇಕು ಅಂತ ಮಾಡಿದೆ. ನೀನು ಒಬ್ನೇ ಬಂದೆ.”

“ನಾನೇ ತಿಂತೀನಿ.”

“ಬೂದು ಬಣ್ಣದ್ದು ಬೇಡ ತಮ್ಮಾ. ಸುಮ್ನೆ ನೋಡೋಕೆ.”

ಎರಡನ್ನೂ ತಿಂದೆ. ಬೂದು ಬಣ್ಣದ್ದನ್ನು ಪೂರ್ತಿ ಮುಗಿಸಲಾಗಲಿಲ್ಲ.

ಊಟದ ಮೇಲೆ ಒರತೆಗೆ ಹೋದೆವು. ಕೊಳವೆಯ ಬಾಯಿಗೆ ಕ್ಯಾನು ಹಿಡಿದು ನಿಲ್ಲಬೇಕು. ಒಂದು ತುಂಬಲು ನಾಲ್ಕು ನಿಮಿಷ. ನಾನು ಎರಡೆರಡು ಎತ್ತಿದೆ. ಆರನೆಯದಕ್ಕೆ ಬೆನ್ನು ಹಿಡಿಯಿತು.

“ಬರೆಯೋ ಕೈ,” ಅಂದರು ವರ್ಲೀನ್. “ಪೆನ್ನಿಗಿಂತ ತೂಕದ್ದು ಎತ್ತಿ ಎಷ್ಟು ವರ್ಷ ಆಯ್ತು?”

“ಚಟುವಟಿಕೆಯ ವಿರಾಮ ಅಂದ್ಕೊಳ್ಳಿ, ಮಿಸ್ ವರ್ಲೀನ್.”

ಅವರು ಕೊಳವೆ ಹಿಡಿದುಕೊಂಡು ನಕ್ಕರು. ಕೇಲ್ ಚಿಪ್ಸಿಗೆ ನಾನು ನಗಬಹುದಿತ್ತು.

ಬರುವಾಗ ಕೇಳಿದರು: “ಆ ಏಳನೇ ಕಾಲಂ ಖಾಲಿ ಬಿಟ್ಟೇ ಕಳಿಸ್ಲಾ? ಯಾರಾದ್ರೂ ಕರುಣೆ ತೋರಿಸ್ಬಹುದು.”

“ಕಂಪ್ಯೂಟರೇ ವಾಪಸ್ ಕಳಿಸುತ್ತೆ. ಮನುಷ್ಯರ ಕಣ್ಣಿಗೂ ಬೀಳಲ್ಲ.”

“ಇದನ್ನೆಲ್ಲ ಯೋಚಿಸಿ ಮಾಡಿರ್ತಾರೆ ನೋಡು.”

ಮನೆಗೆ ಬಂದು ಜನವರಿಯ ಫೋಟೋ ಹುಡುಕಿ ದೊಡ್ಡದು ಮಾಡಿ ಚುಕ್ಕೆ ಎಣಿಸಿದೆ. ನಲವತ್ತೊಂದು. ಮತ್ತೆ ಎಣಿಸಿದೆ. ನಲವತ್ತೊಂದು.

ಏಪ್ರಿಲ್ 2, ಬುಧವಾರ

ಮ್ಯಾಲರಿಗೆ ಫೋನು ಮಾಡಿದೆ. ಅವರು ವಿಮಾನ ನಿಲ್ದಾಣದಲ್ಲಿದ್ದರು. ಇನ್ನೊಂದು ರಾಜ್ಯ, ಇನ್ನೊಂದು ಗೋಡೆ.

“ಗುಂಪು ಮಾಡೋದು ಎಲ್ಲಾ ಕಡೆ ಇರೋ ಪದ್ಧತಿ, ಹಾಲಿಸ್. ಬೇಜಾರಾದೋರು ಅಲ್ಲೇ ಹೇಳ್ಬಹುದಿತ್ತು.”

“ಬರೆದೋರು ಆಗಲೇ ಹೊರಟಿದ್ರು. ನಾಲ್ಕು ಗಂಟೆ ದಾರಿ.”

“ಅಯ್ಯೋ. ಮುಂದಿನ ಸಲ ನೆನಪಿಸಿ, ದೂರದೋರಿಗೆ ಕಂಪ್ಯೂಟರಲ್ಲಿ ಚುಕ್ಕೆ ಹಾಕೋ ಹಾಗೆ ಮಾಡೋಣ.”

ಮುಂದಿನ ಸಲ ಎಂದರೆ ಐದು ವರ್ಷದ ನಂತರ.

ಆಮೇಲೆ ಡಾ. ಹ್ಯಾಚರ್ ಕೋಣೆಗೆ ಹೋದೆ. ಫೋಟೋ ಮೇಜಿನ ಮೇಲಿಟ್ಟೆ.

“ಕೊಳಾಯಿ ನಮ್ಮ ಬಾಬತ್ತಲ್ಲ,” ಎಂದರು. “ಅದಕ್ಕೆ ಬೇರೆ ಇಲಾಖೆ ಇದೆ. ನಾವು ಅದರೊಳಗೆ ಕೈ ಹಾಕಿದ್ರೆ ನಾಳೆ ಅವರು ನಮ್ಮನ್ನ ಸಭೆಯಿಂದಲೇ ಎಬ್ಬಿಸ್ತಾರೆ. ನಾವು ಅಭ್ಯಾಸ ಬದಲಾಯಿಸೋರು, ಪೈಪ್ ಬದಲಾಯಿಸೋರಲ್ಲ.”

“ಚುಕ್ಕೆ ಹಾಕಿದೋರು ಪೈಪಿಗೆ ಹಾಕಿದ್ರು, ಡಾಕ್ಟರ್.”

“ಎಲ್ಲರೂ ಒಪ್ಪಿ ಆದದ್ದು. ಐವತ್ತೆಂಟು ಅಂತ ಬರೆದೋರು ಯಾರು? ಸಹಿ ಯಾರದು?”

ಸಹಿ ನನ್ನದು. ಅವರು ಗೆದ್ದ ಮುಖ ಮಾಡಲಿಲ್ಲ, ಸುಸ್ತಾದ ಮುಖ. ಕಿಟಕಿಯ ಪಕ್ಕ ಹಿಂದಿನ ಐದು ಯೋಜನೆಗಳ ಪುಸ್ತಕ ಜೋಡಿಸಿದ್ದರು. ಬೆನ್ನಿನ ಬಣ್ಣ ಬೇರೆ ಬೇರೆ.

“ಕ್ರೇಡಕ್‌ಗೆ ಒಂದು ಸಲ ಬನ್ನಿ,” ಎಂದೆ.

“ಖಂಡಿತ. ಬೇಸಿಗೆ ಮುಗೀಲಿ.”

ಅವರ ಮೇಜಿನ ಮೇಲೆ ಒಕ್ಕೂಟದ ಗುರುತಿದ್ದ ನೀರಿನ ಬಾಟಲಿ ಇತ್ತು. ಮುಕ್ಕಾಲು ತುಂಬಿತ್ತು. ಅದನ್ನೇ ನೋಡುತ್ತ ನಿಂತಿದ್ದೆನೆಂದು ಕಾಣುತ್ತದೆ, “ಬೇಕಾ?” ಎಂದರು. ಬೇಡ ಎಂದೆ.  58 ಎಂಬ ಅಂಕಿ ಟೈಪು ಮಾಡಿದ ಕೈ ನನ್ನದೇ.

ಏಪ್ರಿಲ್ 4, ಶುಕ್ರವಾರ

ಒಕ್ಕೂಟದ ನಿಯಮಾವಳಿ ಓದಿದೆ. ಇಪ್ಪತ್ತೆರಡು ಪುಟ. ಆರು ವರ್ಷದಿಂದ ಇಲ್ಲಿದ್ದೇನೆ, ಓದಿರಲಿಲ್ಲ. ಓದಿದವರು ಇನ್ನೊಬ್ಬರಿದ್ದಾರೆಂದು ತೋರುವುದಿಲ್ಲ. ಎಂಟನೇ ಪುಟ ಎರಡು ಸಲ ಅಚ್ಚಾಗಿದೆ.

ಒಂಬತ್ತನೇ ನಿಯಮ: ಒಪ್ಪಿಗೆಯಾದ ನಡಾವಳಿಯಲ್ಲಿ ತಪ್ಪು ಕಂಡರೆ ಯಾವುದೇ ಸಾಮಾನ್ಯ ಸಭೆಯಲ್ಲಿ ಹಾಜರಿರುವ ಸದಸ್ಯರು ತಿದ್ದುಪಡಿ ಮಂಡಿಸಬಹುದು. ಒಪ್ಪಿಗೆಯಾದರೆ ತಿದ್ದಿದ ಅಂಕಿಯೇ ಊರ್ಜಿತ. ಯೋಜನೆಯ ಎರಡನೇ ಪುಟದಲ್ಲಿ, ‘ಆದ್ಯತೆಗಳ ಕ್ರಮ ಜನವರಿ 14ರ ನಡಾವಳಿಯಂತೆ’ ಎಂದಿದೆ. ಅಂದರೆ ನಡಾವಳಿ ತಿದ್ದಿದರೆ ಮೊದಲ ಸಾಲಿನಲ್ಲಿ ನಲ್ಲಿ ಬಂದು ಕೂರುತ್ತದೆ. 41, 17ಕ್ಕಿಂತ ದೊಡ್ಡದು. ಗುರಿಗೆ ಸಂಖ್ಯೆ ಕೊಡಲೇಬೇಕು.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಎರಡನೇ ಪುಟದ ಕೆಳಗೆ ಒಂದು ಚೌಕದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಯಾರ ತಪ್ಪು, ಯಾವುದು ಸರಿ, ಅಷ್ಟೆ. ಅದರಲ್ಲಿ ನನ್ನ ಹೆಸರು ಬಂದದ್ದು ಇಪ್ಪತ್ತಾರು ವರ್ಷದಲ್ಲಿ ನಾಲ್ಕು ಸಲ. ಪ್ರತಿ ಸಲವೂ ಎರಡು ದಿನ ತಲೆ ಎತ್ತಿರಲಿಲ್ಲ.

ತೊಂದರೆ ಇದು. ನಾನು ನೌಕರ, ಸದಸ್ಯನಲ್ಲ. ವರ್ಲೀನ್ ಸದಸ್ಯೆ. ಮುಂದಿನ ಸಾಮಾನ್ಯ ಸಭೆ ಏಪ್ರಿಲ್ 24, ಗುರುವಾರ, ಬೆಳಿಗ್ಗೆ ಹತ್ತಕ್ಕೆ, ರಾಜಧಾನಿಯಲ್ಲಿ. ಫೋನಿನಲ್ಲಿ ಮಂಡಿಸುವ ಹಾಗಿಲ್ಲ. ಹತ್ತು ಗಂಟೆ ಎಂದರೆ ಶಾಲೆಗಳಲ್ಲಿ ಊಟ ಬೇಯುವ ಹೊತ್ತು. ಮಕ್ಕಳ ಊಟದ ಸಭೆಗಳನ್ನೆಲ್ಲ, ಮಕ್ಕಳ ಊಟ ಮಾಡುವವರು ಬರಲಾಗದ ಹೊತ್ತಿಗೇ ಇಡುತ್ತಾ ಬಂದಿದ್ದಾರೆ. ಆರು ವರ್ಷದ ಆಹ್ವಾನಪತ್ರಗಳನ್ನು ಟೈಪು ಮಾಡಿದವನು ನಾನೇ.

ವರ್ಲೀನ್‌ಗೆ ಫೋನು ಮಾಡಿ ಹೇಳಿದೆ.

“ಅರ್ಥ ಆಯ್ತು,” ಎಂದರು. “ಆದ್ರೆ ನಾನು ಬಂದ್ರೆ ಇಲ್ಲಿ ಗ್ಲೆನ್ನಾ ಒಬ್ಳೇ. ಅವಳಿಗೆ ಮಂಡಿನೋವು. ಬದಲಿ ಅಡುಗೆಯೋರು ಅಂತ ಕೌಂಟೀಲಿ ಒಬ್ರಿದ್ರು, ಮಗಳ ಹೆರಿಗೆಗೆ ಹೋದ್ರು. ಇನ್ನೂರ ಹನ್ನೆರಡು ಹೊಟ್ಟೆ. ಅದರಲ್ಲಿ ಅರ್ಧಕ್ಕೆ ದಿನದ ಊಟ ಅಂದ್ರೆ ಅದೇ.”

“ಬದಲಿ ಆಗೋಕೆ ಏನು ಬೇಕು?”

“ಶಾಲೆ ಕಚೇರೀಲಿ ಅರ್ಜಿ. ಪೊಲೀಸ್ ದಾಖಲೆ ನೋಡ್ತಾರೆ. ಆಹಾರ ಮುಟ್ಟೋ ಕಾರ್ಡ್ ಒಂದು, ಎರಡು ಗಂಟೆ ಪಾಠ. ಯಾಕೆ, ಯಾರಾದ್ರೂ ಇದಾರಾ?”

“ನೋಡ್ತೀನಿ.”

ಬೇರೆ ಯಾರೂ ಸಿಗಲಿಲ್ಲ. ಸುಮ್ಮನೆ ಇರಲಿ ಎಂದು ನನ್ನ ಹೆಸರಿನಲ್ಲೇ ಅರ್ಜಿ ಹಾಕಿದೆ.

ಏಪ್ರಿಲ್ 15, ಮಂಗಳವಾರ

ತಿದ್ದುಪಡಿಯ ಕರಡು ಮುಗಿಯಿತು. ಏಳು ಸಲ ಬರೆದೆ. ಮೊದಲ ಆರರಲ್ಲಿ ಸಿಟ್ಟಿತ್ತು, ತೆಗೆದೆ.

‘ಜನವರಿ 14ರ ನಡಾವಳಿಯ ನಾಲ್ಕನೇ ಪುಟದಲ್ಲಿ ಮೊದಲ ಆದ್ಯತೆಗೆ 58 ಚುಕ್ಕೆ ಎಂದಿದೆ. ಇದು ತಪ್ಪು. ಶಾಲೆಯ ನಲ್ಲಿ ನೀರನ್ನು ಕುಡಿಯುವಂತೆ ಮಾಡಬೇಕೆಂಬ ಚೀಟಿಗೆ 41, ಕೋಲಾ ತಗ್ಗಿಸಬೇಕೆಂಬ ಚೀಟಿಗೆ 17 ಬಿದ್ದಿದ್ದವು. ಮತ ಮುಗಿದ ಮೇಲೆ ಎರಡನ್ನು ಕೂಡಿಸಲಾಯಿತು. ಮೊದಲ ಚೀಟಿ ಬರೆದವರು ಆಗ ಸಭೆಯಲ್ಲಿರಲಿಲ್ಲ. 2.50ರ ಫೋಟೋ ಲಗತ್ತಿಸಿದೆ. ತಪ್ಪು ನಡಾವಳಿ ಬರೆದವರದು: ಹಾಲಿಸ್ ಪ್ರುಯಿಟ್.’

ಹತ್ತು ದಿನ ಮುಂಚೆ ಕೊಡಬೇಕೆಂದು ನಿಯಮವಿಲ್ಲ, ಏಳು ದಿನ ಸಾಕು. ಒಂಬತ್ತು ದಿನ ಮುಂಚೆ ಕೊಟ್ಟೆ. ವರ್ಲೀನ್ ಸಹಿ ಹಾಕಿ ಅಂಚೆಯಲ್ಲಿ ಕಳಿಸಿದ್ದರು. ಕಾಗದದ ಮೂಲೆಗೆ ಹಿಟ್ಟು ಮೆತ್ತಿತ್ತು. ಒರೆಸಲಿಲ್ಲ.

ಡಾ. ಹ್ಯಾಚರ್ ಓದಿ ಕನ್ನಡಕ ತೆಗೆದರು.

“ಜೂನ್‌ನಲ್ಲಿ ನಿಮ್ಮ ಕರಾರು ಮುಗಿಯುತ್ತೆ. ಗೊತ್ತಲ್ಲ?”

“ಜೂನ್ 30.”

“ಅಂದೆ ಅಷ್ಟೆ.” ಆಮೇಲೆ, “ಇದರ ಜೊತೆ ಇನ್ನೊಂದು ಫೋಟೋ ಇದೆ.”

“ಹೌದು. ಕತ್ತರಿಸದೆ ಇರೋದು.”

ಅವರು ಅದನ್ನು ಬಹಳ ಹೊತ್ತು ಹಿಡಿದಿದ್ದರು.  ಕಾರ್ಯಸೂಚಿಯಲ್ಲಿ ಎರಡನೇ ವಿಷಯವಾಗಿ ಹಾಕಿಕೊಂಡರು. ಹಾಕಿಕೊಳ್ಳದೆ ಬೇರೆ ದಾರಿ ಇರಲಿಲ್ಲ ಎಂದು ಬರೆಯುವುದೇ ಸರಿ; ಹೆಚ್ಚಿನದು ಊಹೆ.

ಆಹಾರ ಮುಟ್ಟುವ ಕಾರ್ಡು ಕೈಗೆ ಬಂದಿತ್ತು. 24ಕ್ಕೆ ರಜೆ ಬರೆದುಕೊಟ್ಟೆ.

“ಆ ದಿನ ನಡಾವಳಿ ಯಾರು ಬರೀತಾರೆ?” ಎಂದರು.

“ಯಾರಾದರೂ.”

ರಜೆಯ ಕಾರಣದ ಜಾಗದಲ್ಲಿ ‘ಅಡುಗೆ’ ಎಂದಿದ್ದೆ. ಇನ್ನೊಮ್ಮೆ ಓದಿ ಸಹಿ ಹಾಕಿದರು.

ಏಪ್ರಿಲ್ 23, ಬುಧವಾರ. ಕ್ರೇಡಕ್

ಮಧ್ಯಾಹ್ನ ಬಂದೆ. ವಸತಿಗೃಹದ ನಲ್ಲಿಯಲ್ಲೂ ಅದೇ ವಾಸನೆ. ಹಲ್ಲುಜ್ಜಲು ಡಿಕ್ಕಿಯಿಂದ ಬಾಟಲಿ ತಂದುಕೊಂಡೆ. ಸ್ನಾನದ ತೊಟ್ಟಿಗೆ ಕಂದು ಗೆರೆ. ನಮ್ಮ ನೀರಿನ ಗತಿ ಇದು. ಒಕ್ಕೂಟದವರು ಯಾರಾದರೂ ಇಲ್ಲಿ ಒಂದು ದಿನ ತಂಗಿದ್ದರೆ ಆ ಹನಿಗೆ ಬೂಟು ಹಾಕುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ವರ್ಲೀನ್ ಅಡುಗೆಮನೆ ತೋರಿಸಿಕೊಟ್ಟರು. ನಾಳೆಯ ಊಟ: ಕಾಳು, ಮೆಕ್ಕೆಜೋಳದ ಬ್ರೆಡ್ಡು, ಕೋಸಿನ ಪಲ್ಯ, ಸೇಬು. ಕಾಳು ನೆನೆಹಾಕಿದೆವು. ಗ್ಲೆನ್ನಾ ನನ್ನ ತಲೆಗೆ ಕೂದಲ ಬಲೆ ತೊಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

“ಪತ್ರಿಕೆಯೋರು ಅಂದ್ರಲ್ಲ ವರ್ಲೀನಕ್ಕ. ಈರುಳ್ಳಿ ಹೆಚ್ಚೋಕೆ ಬರುತ್ತಾ?”

“ಬರುತ್ತೆ.”

“ಅಳದೆ?”

“ಅದು ಬರಲ್ಲ.”

ವರ್ಲೀನ್ ತಿದ್ದುಪಡಿಯನ್ನು ನನ್ನೆದುರು ಎರಡು ಸಲ ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು.

“ಇದನ್ನೂ ಓದ್ಬೇಕಾ? ತಪ್ಪು ನಿಂದು ಅಂತ ಇರೋದನ್ನ?”

“ಅದನ್ನ ಬಿಟ್ರೆ ಉಳಿದದ್ದನ್ನ ಯಾರೂ ನಂಬಲ್ಲ.”

“ಸೋತ್ರೆ?”

“ಏಳನೇ ಕಾಲಂ ಖಾಲಿ ಇರುತ್ತೆ. ಮುಂದಿನ ಯೋಜನೆ ಐದು ವರ್ಷಕ್ಕೆ.”

“ಐದು ವರ್ಷ ಈ ಮೊಣಕಾಲು ಒರತೆ ಹತ್ತಲ್ಲ ತಮ್ಮಾ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕಿಕೊಂಡರು. ಬೀರು ತೆಗೆದು ಜನವರಿಯ ಬಾಟಲಿಗಳಲ್ಲಿ ಉಳಿದಿದ್ದ ಕೊನೆಯದನ್ನೂ ಅದರ ಜೊತೆಗೆ ಇಟ್ಟುಕೊಂಡರು. ಖಾಲಿಯದೊಂದನ್ನು ಅಡುಗೆಮನೆಯ ನಲ್ಲಿಗೆ ಹಿಡಿದು, ಮೊದಲು ಬರುವ ಚಹಾ ಬಣ್ಣದ ನೀರು ತುಂಬಿ, ಮುಚ್ಚಳ ಬಿಗಿದು ಅದನ್ನೂ ಹಾಕಿಕೊಂಡರು. ಎರಡಕ್ಕೂ ಒಕ್ಕೂಟದ ಗುರುತಿನ ಚೀಟಿ ಹಾಗೇ ಇದೆ.

“ಮೇಜಿನ ಮೇಲೆ ಎರಡೂ ಇಡ್ತೀನಿ,” ಎಂದರು. “ಆರಿಸ್ಕೊಳ್ಳಲಿ.”

ನಾಳೆ ಬೆಳಿಗ್ಗೆ 5.15ಕ್ಕೆ ಗ್ಲೆನ್ನಾ ಮತ್ತು ನಾನು ಒರತೆಯಲ್ಲಿ ಹನ್ನೆರಡು ಕ್ಯಾನು ತುಂಬಬೇಕು. 5.30ಕ್ಕೆ ವರ್ಲೀನ್ ನನ್ನ ಕಾರಿನಲ್ಲಿ ಹೊರಡುತ್ತಾರೆ. 10ಕ್ಕೆ ಸಭೆ, ತಿದ್ದುಪಡಿ ಎರಡನೇ ವಿಷಯ. 11.05ಕ್ಕೆ ಊಟದ ಮೊದಲ ಸರದಿ, ಒಂದನೇ ತರಗತಿ.